ಕಾವಲಿನಿಂದ ಕಾವಲಿಗೆ

ಅಜ್ಜಂಪುರದ ಅಮೃತಮಹಲ್ ದನಗಳನ್ನು ಬಲ್ಲವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಹೆಸರಿನಲ್ಲಿ ಅಮೃತವಿದ್ದರೂ ಈ ತಳಿಯ ಕೀರ್ತಿ ಹಾಲಿನಿಂದ ಬಂದುದಲ್ಲ, ನಡಿಗೆಯಿಂದ ಬಂದುದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಕರೆಸಿಕೊಂಡಿದ್ದ ಈ ಹಿಂಡನ್ನು ಹೈದರಾಲಿ ದಂಡಿನ ಸರಂಜಾಮು ಎಳೆಯಲು ಬಳಸಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಈ ಹಿಂಡಿಗೆ ಒಂದೇ ಕೊಟ್ಟಿಗೆ, ಒಂದೇ ಗೋದಲಿ ಎಂಬುದು ಇರಲಿಲ್ಲ. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು ಕಾವಲು, ಚಳಿಗಾಲಕ್ಕೆ ಮತ್ತೊಂದು. ಎಲ್ಲಿ ಹುಲ್ಲಿದೆಯೋ ಅಲ್ಲಿಗೆ ನಡೆಯಬೇಕು. ಹುಲ್ಲು ತೀರಿದರೆ ಮತ್ತೆ ಹೊರಡಬೇಕು. ಹೀಗೆ ಕಾವಲಿನಿಂದ ಕಾವಲಿಗೆ ನಡೆದೂ ನಡೆದೂ ಆ ದನಗಳಿಗೆ ಆ ಕಸುವು ಬಂದಿತು.

ಮನುಷ್ಯರಲ್ಲಿಯೂ ಇಂಥ ಬಾಳುವೆ ಉಂಟು. ಕಲ್ಲು ಕೆತ್ತುವ ಒಡ್ಡರು, ಚಿನ್ನ ಬೆಳ್ಳಿಯ ಕೆಲಸದವರು, ಕಂಪನಿ ನಾಟಕದ ನಟರು, ಇವರೆಲ್ಲ ಹೀಗೆ ಬಾಳಿದವರು. ಇಂದು ಒಂದು ಕ್ಯಾಂಪು, ನಾಳೆ ಇನ್ನೊಂದು. ರಾಜನ ಪಾತ್ರಕ್ಕೆ ಬೇರೆ ನಟನಿದ್ದಾನೆ. ಇವರ ಪಾಲಿಗೆ ಬರುವುದು ಮಂತ್ರಿಯದೋ ಸೇನಾಪತಿಯದೋ. ಆದರೆ ಆ ಮಂತ್ರಿ ಬಾರದಿದ್ದರೆ ಅಂದಿನ ನಾಟಕವೇ ನಿಲ್ಲುತ್ತದೆ. ಕ್ರೀಡೆಯ ಜಗತ್ತಿನಲ್ಲಿ ಇಂಥ ಬಾಳು ಬಾಳಿದ ಒಬ್ಬರ ವಿಚಾರವನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ. ಅವರು ನಮ್ಮ ಕಡೂರಿನವರೇ.

ಅದಕ್ಕೆ ಮುಂಚೆ ಒಂದು ಮಾತಿನ ಅರ್ಥವನ್ನು ತಿಳಿದುಕೊಳ್ಳೋಣ. ಯೂರೋಪಿನ ಕುಶಲಕರ್ಮಿಗಳ ಹಳೆಯ ಕಟ್ಟುಪಾಡಿನಲ್ಲಿ ಮೂರು ಮೆಟ್ಟಿಲುಗಳಿದ್ದುವು. ಮೊದಲು ಗುರುವಿನ ಮನೆಯಲ್ಲಿದ್ದು ಕೆಲಸ ಕಲಿಯುವ ಹುಡುಗ. ಕೊನೆಗೆ ಸ್ವಂತ ಅಂಗಡಿಯ ಯಜಮಾನ. ಇವರಿಬ್ಬರ ನಡುವೆ ಒಬ್ಬನಿದ್ದಾನೆ. ಕಸುಬು ಪೂರ್ತಿ ಬಲ್ಲವನು, ಆದರೆ ಸ್ವಂತ ಅಂಗಡಿಯಿಲ್ಲ; ಈ ಯಜಮಾನನಲ್ಲಿ ಕೆಲವು ಕಾಲ, ಆ ಯಜಮಾನನಲ್ಲಿ ಕೆಲವು ಕಾಲ ಕೂಲಿಗೆ ಕೆಲಸಮಾಡುವವನು. ಅವನನ್ನು ಇಂಗ್ಲಿಷಿನಲ್ಲಿ ಜರ್ನಿಮನ್ ಎಂದು ಕರೆದರು. ಜರ್ನಿ ಎಂದರೆ ಪ್ರಯಾಣವಲ್ಲವೆ, ತಿರುಗಾಡುವವನು ಎಂದು ಅರ್ಥವಿರಬೇಕು ಎಂದು ನಮಗೆ ತೋರುತ್ತದೆ. ಹಾಗಲ್ಲ. ಆ ಶಬ್ದದ ಮೂಲ ಫ್ರೆಂಚ್ ಭಾಷೆಯ ‘ದಿನ’ ಎಂಬುದು. ದಿನದ ಲೆಕ್ಕದಲ್ಲಿ ದುಡಿಯುವವನು ಎಂದಷ್ಟೇ ಅದರ ಅರ್ಥ. ಇಂದಿನ ಕೂಲಿ ಇಂದಿನ ಕೆಲಸಕ್ಕೆ. ನಿನ್ನೆಯ ಕೆಲಸ ಎಷ್ಟೇ ಚೆನ್ನಾಗಿದ್ದರೂ ಅದು ನಿನ್ನೆಗೆ ಸಂದಿತು.

ಈ ಮಾತನ್ನು ಈಗ ಹೆಚ್ಚಾಗಿ ಕೇಳುವುದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟದಲ್ಲಿ. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಚಳಿಗಾಲದಲ್ಲಿ ಹುಡುಗರಿಗೆ ಒಳಾಂಗಣದಲ್ಲಿ ಆಡಲು ಏನಾದರೂ ಬೇಕೆಂದು, ಎರಡು ಹಣ್ಣಿನ ಬುಟ್ಟಿಗಳನ್ನು ಮೇಲೆ ಕಟ್ಟಿ ಈ ಆಟವನ್ನು ಹುಟ್ಟಿಸಿದರು. ಚೆಂಡು ಬುಟ್ಟಿಗೆ ಬಿದ್ದರೆ ಹತ್ತಿ ತೆಗೆಯಬೇಕಾಗಿತ್ತು! ಆ ಬುಟ್ಟಿಯ ಆಟ ಬೆಳೆದು ಇಂದು ಕೋಟಿಗಟ್ಟಲೆ ಹಣದ ವೃತ್ತಿಯಾಗಿದೆ. ಅಲ್ಲಿ ಇಶ್ ಸ್ಮಿತ್ ಎಂಬ ಒಬ್ಬ ಆಟಗಾರ. 2010ರಲ್ಲಿ ಕಾಲೇಜು ಮುಗಿಸಿ ಬಂದಾಗ ಹೊಸ ಆಟಗಾರರ ಆಯ್ಕೆಯಲ್ಲಿ ಯಾವ ತಂಡವೂ ಅವನ ಹೆಸರು ಕೂಗಲಿಲ್ಲ. ಆರೂವರೆ ಏಳು ಅಡಿಯವರು ಓಡಾಡುವ ಅಂಗಳದಲ್ಲಿ ಅವನು ಆರು ಅಡಿಯವನು. ಹೇಗೋ ಹ್ಯೂಸ್ಟನ್ ತಂಡದಲ್ಲಿ ಒಂದು ಮೂಲೆ ಸಿಕ್ಕಿತು. ಅಲ್ಲಿಂದ ಮೆಂಫಿಸ್, ಅಲ್ಲಿಂದ ಇನ್ನೊಂದು, ಮತ್ತೊಂದು. ಹೀಗೆ 13 ತಂಡಗಳ ಅಂಗಿ ತೊಟ್ಟ. ಆ ಲೀಗಿನ ಚರಿತ್ರೆಯಲ್ಲಿ ಇಷ್ಟು ತಂಡಗಳಿಗೆ ಆಡಿದವರು ಬೇರೆ ಯಾರೂ ಇರಲಿಲ್ಲ. ಹದಿಮೂರನೆಯದಾದ ಡೆನ್ವರ್ ತಂಡ 2023ರಲ್ಲಿ ಚಾಂಪಿಯನ್ ಆಯಿತು. ಇವನಿಗೂ ಪದಕದ ಉಂಗುರ ಸಿಕ್ಕಿತು.

ಹದಿಮೂರು ಕಡೆ ಬೇಡವಾದವನು ಎಂದು ಇದನ್ನು ಓದಬಹುದು. ಹದಿಮೂರು ಕಡೆ ಬೇಕಾದವನು ಎಂದೂ ಓದಬಹುದು. ಎರಡೂ ನಿಜವೇ. ಈ ಎರಡು ಓದುಗಳಲ್ಲಿ ಯಾವುದನ್ನು ನಾವು ನಮ್ಮ ಮಕ್ಕಳಿಗೆ ಹೇಳಿಕೊಡುತ್ತೇವೆ ಎಂಬುದೇ ಇಂದಿನ ಮಾತಿನ ತಿರುಳು.

ಈಗ ಊರಿಗೆ ಬರೋಣ. ಬೆಂಗಳೂರಿನಿಂದ ಹೊರಟ ರೈಲು ಅರಸೀಕೆರೆ ದಾಟಿದ ಮೇಲೆ ತೆಂಗಿನ ತೋಟಗಳ ನಡುವೆ ಕಡೂರು ಸಿಕ್ಕುತ್ತದೆ. ಮುಂದಿನ ಬೀರೂರಿನಲ್ಲಿ ದಾರಿ ಕವಲೊಡೆದು ಒಂದು ಅಜ್ಜಂಪುರದ ಕಡೆಗೆ, ಇನ್ನೊಂದು ತರೀಕೆರೆಯ ಕಡೆಗೆ ಹೋಗುತ್ತದೆ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಹೆಸರು ಹೋದರೂ ಊರು ಉಳಿಯಿತು. ಮಲೆನಾಡಿನ ಬಾಗಿಲಲ್ಲಿದ್ದೂ ಮಳೆಯ ಪಾಲು ಕಡಿಮೆಯಾದ ಸೀಮೆ ಇದು. ಮದಗದ ಕೆರೆಯ ನೀರು, ಅಯ್ಯನಕೆರೆಯ ನೀರು ಎಂದು ಲೆಕ್ಕಹಾಕುತ್ತಲೇ ಬೆಳೆದ ಜನ. ಇಂಥ ಕಡೆ ಮಕ್ಕಳು ಆಟಕ್ಕೆ ಹೊರಟರೆ ಹಿರಿಯರು ಕೇಳುವ ಪ್ರಶ್ನೆ ಒಂದೇ: ಆಟ ಅನ್ನ ಕೊಟ್ಟೀತೆ? ತರೀಕೆರೆ ಏರಿಯ ಮೇಲಿನ ಕರಿ ಕುರಿಮರಿಗಳ ನಾಲಗೆತೊಡಕನ್ನು ತೊದಲದೆ ಹೇಳುವುದಾದರೂ ಸುಲಭ. ಈ ಪ್ರಶ್ನೆಗೆ ತೊದಲದೆ ಉತ್ತರ ಹೇಳುವುದು ಕಷ್ಟ. ಅದೂ ಹೆಣ್ಣುಮಗಳಾದರೆ ಇನ್ನೂ ಕಷ್ಟ.

ವೇದಾ ಕೃಷ್ಣಮೂರ್ತಿಯವರು ಹುಟ್ಟಿದ್ದು 1992ರ ಅಕ್ಟೋಬರ್ 18ರಂದು, ಈ ಕಡೂರಿನಲ್ಲಿ. ಮನೆಯಲ್ಲಿ ಎಲ್ಲರಿಗಿಂತ ಕಿರಿಯ ಮಗಳು. ಓಣಿಯಲ್ಲಿ ಹುಡುಗರ ಜೊತೆ ಚೆಂಡು ಬ್ಯಾಟು ಹಿಡಿದು ಆಡಿದರು. ಆದರೆ ಮೊದಲು ಕಲಿತದ್ದು ಕ್ರಿಕೆಟ್ಟಲ್ಲ, ಕರಾಟೆ. ಹನ್ನೆರಡನೆಯ ವಯಸ್ಸಿಗೇ ಕಪ್ಪು ಪಟ್ಟಿಯ ಅರ್ಹತೆ ಪಡೆದರು. ಕರಾಟೆ ಕಲಿತವರ ಪಾದದಲ್ಲಿ ಒಂದು ಸಮತೋಲವಿರುತ್ತದೆ, ಕಣ್ಣಿಗೂ ಕೈಗೂ ನಡುವೆ ಸಮಯ ಉಳಿಯುವುದಿಲ್ಲ. ಮುಂದೆ ಇವರು ಫೀಲ್ಡಿಂಗ್‌ನಲ್ಲಿ ಹೆಸರು ಪಡೆದುದಕ್ಕೆ ಈ ಅಡಿಪಾಯ ನೆರವಾಗಿರಬೇಕೆಂದು ನನ್ನ ಊಹೆ.

2005ರಲ್ಲಿ, ಹದಿಮೂರರ ಸುಮಾರಿನಲ್ಲಿ, ಅವರು ಬೆಂಗಳೂರಿಗೆ ಹೋಗಿ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್ ಎಂಬ ತರಬೇತಿ ಶಾಲೆಗೆ ಸೇರಿದರು. ಅಲ್ಲಿ ಇರ್ಫಾನ್ ಸೇಟ್ ಅವರ ಕೈಕೆಳಗೆ ಆಟ ಕಲಿತರು. ಕಡೂರಿನಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು. ರೈಲಿನಲ್ಲಿ ಕೆಲವು ಗಂಟೆಗಳ ದಾರಿ. ಆದರೆ ಹದಿಮೂರು ವರ್ಷದ ಮಗಳನ್ನು ಕ್ರಿಕೆಟ್ಟಿಗೆಂದು ಕಳುಹಿಸುವ ತಂದೆತಾಯಿಗೆ ಅದು ಎಷ್ಟು ದೂರವೆಂಬುದನ್ನು ಕಿಲೋಮೀಟರಿನಲ್ಲಿ ಅಳೆಯಲಾಗದು.

ಆ ಕಾಲದಲ್ಲಿ ಹೆಂಗಸರ ಕ್ರಿಕೆಟ್ಟಿನ ಸ್ಥಿತಿ ಹೇಗಿತ್ತು ಎಂಬುದನ್ನು ನೆನೆದರೆ ಈ ಸಾಹಸದ ತೂಕ ತಿಳಿಯುತ್ತದೆ. ಭಾರತದ ಮಹಿಳಾ ಕ್ರಿಕೆಟ್ ಸಂಘ ಹುಟ್ಟಿದ್ದು 1973ರಲ್ಲಿ. ಭಾರತದ ಹೆಂಗಸರ ಮೊದಲ ಟೆಸ್ಟ್ ಪಂದ್ಯ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, 1976ರಲ್ಲಿ, ವೆಸ್ಟ್ ಇಂಡೀಸಿನ ಎದುರು. ನಾಯಕಿ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಅದೇ ವರ್ಷ ಪಾಟ್ನಾದಲ್ಲಿ ಅವರ ತಂಡ ಮೊದಲ ಗೆಲವನ್ನೂ ಪಡೆಯಿತು. ಆದರೆ ಆ ತಲೆಮಾರಿನವರು ಕಾದಿರಿಸದ ರೈಲು ಡಬ್ಬಿಗಳಲ್ಲಿ ಪ್ರಯಾಣಮಾಡಿ, ಸಾಲು ಹಾಸಿಗೆಯ ಕೊಠಡಿಗಳಲ್ಲಿ ಮಲಗಿ ಆಡಿದವರು. ಗಂಡಸರ ಆಟವನ್ನು ನಡೆಸುತ್ತಿದ್ದ ಕ್ರಿಕೆಟ್ ಮಂಡಲಿ ಹೆಂಗಸರ ಆಟವನ್ನೂ ತನ್ನ ಆಶ್ರಯಕ್ಕೆ ತೆಗೆದುಕೊಂಡದ್ದು 2006ರಲ್ಲಿ. ಅಂದರೆ ವೇದಾ ಬೆಂಗಳೂರಿಗೆ ಬಂದು ಒಂದು ವರ್ಷದ ಮೇಲೆ. ಮಹಿಳಾ ಆಟಗಾರರಿಗೆ ಮಂಡಲಿಯ ವಾರ್ಷಿಕ ಕರಾರು ಎಂಬುದು ಮೊದಲು ಬಂದದ್ದು 2015ರಲ್ಲಿ.

ಹಾಗಾದರೆ ಅದುವರೆಗೆ ಅನ್ನ ಕೊಟ್ಟವರು ಯಾರು? ಬಹುಮಟ್ಟಿಗೆ ರೈಲ್ವೆ ಇಲಾಖೆ. ದೇಶದ ಉತ್ತಮ ಆಟಗಾರ್ತಿಯರಲ್ಲಿ ಹಲವರಿಗೆ ಕೆಲಸ ಕೊಟ್ಟು, ಅವರಿಂದ ತಂಡ ಕಟ್ಟಿ, ರಾಷ್ಟ್ರೀಯ ಪಂದ್ಯಾವಳಿಗಳನ್ನು ವರ್ಷ ವರ್ಷವೂ ಗೆಲ್ಲುತ್ತಿದ್ದುದು ರೈಲ್ವೆ. ಮಿಥಾಲಿ ರಾಜ್ ಅಂಥವರೂ ರೈಲ್ವೆಯವರೇ. ವೇದಾ ಸಹ ಕರ್ನಾಟಕಕ್ಕೆ ಆಡಿದರು, ರೈಲ್ವೆಗೂ ಆಡಿದರು. ಮುಂದೆ ಕರ್ನಾಟಕ ತಂಡದ ನಾಯಕಿಯೂ ಆದರು. ರೈಲು ದಾರಿಯ ಕವಲಿನಲ್ಲಿ ಬೆಳೆದವರಿಗೆ ಆ ರೈಲೇ ಒಂದು ಕಾವಲಾಗಿ ಒದಗಿತು.

ಭಾರತ ತಂಡಕ್ಕೆ ಅವರು ಸೇರಿದ್ದು 2011ರ ಜೂನಿನಲ್ಲಿ, ಇಂಗ್ಲೆಂಡಿನ ಪ್ರವಾಸದಲ್ಲಿ. ಜೂನ್ 30ರಂದು ಡರ್ಬಿ ಎಂಬ ಊರಿನಲ್ಲಿ ಇಂಗ್ಲೆಂಡಿನ ಎದುರು ಮೊದಲ ಏಕದಿನ ಪಂದ್ಯ. ವಯಸ್ಸು ಹದಿನೆಂಟು. ಮೊದಲ ಪಂದ್ಯದಲ್ಲೇ 51 ಓಟ. ಡರ್ಬಿ ಎಂಬ ಈ ಹೆಸರನ್ನು ನೀವು ನೆನಪಿನಲ್ಲಿಡಬೇಕು. ಕಥೆ ಮತ್ತೆ ಅಲ್ಲಿಗೆ ಬರುತ್ತದೆ.

ಇಂಥ ಆರಂಭ ಕಂಡವರು ಇನ್ನು ಇವರು ತಾರೆಯಾಗುತ್ತಾರೆ ಎಂದುಕೊಳ್ಳುವುದು ಸಹಜ. ಹಾಗಾಗಲಿಲ್ಲ. ಅವರ ಪೂರ್ತಿ ಲೆಕ್ಕವನ್ನು ಒಮ್ಮೆ ಹೇಳಿಬಿಡುತ್ತೇನೆ. 48 ಏಕದಿನ ಪಂದ್ಯಗಳಲ್ಲಿ 829 ಓಟ, ಸರಾಸರಿ 26ಕ್ಕೆ ಸ್ವಲ್ಪ ಕಡಿಮೆ. ಎಂಟು ಅರ್ಧ ಶತಕಗಳು. ಅತಿ ಹೆಚ್ಚಿನದು 71. ಇಪ್ಪತ್ತು ಓವರಿನ 76 ಪಂದ್ಯಗಳಲ್ಲಿ 875 ಓಟ. ಶತಕ ಒಂದೂ ಇಲ್ಲ. ಸಾವಿರದ ಗಡಿ ಎರಡರಲ್ಲಿಯೂ ದಾಟಲಿಲ್ಲ. ದಾಖಲೆಯ ಪುಸ್ತಕವನ್ನು ಮೇಲಿನಿಂದ ಓದುವವರಿಗೆ ಈ ಹೆಸರು ಬೇಗ ಸಿಕ್ಕುವುದಿಲ್ಲ.

ಆದರೆ ಅಂಕಿಗಳಿಗೆ ಹಿಂದೆ ಒಂದು ಕಸುಬಿದೆ, ಅದನ್ನು ನೋಡಬೇಕು. ವೇದಾ ಆಡುತ್ತಿದ್ದುದು ಹೆಚ್ಚಾಗಿ ನಡುವಿನ ಕ್ರಮಾಂಕದಲ್ಲಿ, ಐದನೆಯವರಾಗಿಯೋ ಆರನೆಯವರಾಗಿಯೋ. ಆರಂಭದ ಆಟಗಾರ್ತಿಗೆ ಇಡೀ ದಿನ ಮುಂದಿರುತ್ತದೆ. ನೆಲ ನೋಡಿ, ಗಾಳಿ ನೋಡಿ, ನಿಧಾನವಾಗಿ ಬೇರೂರಬಹುದು. ಐದನೆಯವರು ಬರುವುದು ಎರಡು ಸಂದರ್ಭಗಳಲ್ಲಿ. ಒಂದು, ಮನೆಗೆ ಬೆಂಕಿ ಬಿದ್ದಾಗ: ಮೂರು ನಾಲ್ಕು ವಿಕೆಟ್ಟುಗಳು ಬೇಗ ಉರುಳಿರುತ್ತವೆ, ನಿಂತು ಕಾಪಾಡಬೇಕು. ಇನ್ನೊಂದು, ಮದುವೆಯ ಊಟ ಮುಗಿಯುತ್ತ ಬಂದಾಗ: ಉಳಿದಿರುವುದು ಕೆಲವೇ ಓವರು, ಬಂದ ಮೊದಲ ಚೆಂಡಿನಿಂದಲೇ ಬಾರಿಸಬೇಕು. ಎರಡನೆಯ ಕೆಲಸದಲ್ಲಿ ಇಪ್ಪತ್ತು ಓಟ ಹೊಡೆದು ಔಟಾದರೆ ಕೆಲಸ ಸಂದಿತು. ಆದರೆ ಸರಾಸರಿ ಕುಸಿಯಿತು. ತಂಡಕ್ಕೆ ಲಾಭವಾದದ್ದು ಆಟಗಾರ್ತಿಯ ಖಾತೆಯಲ್ಲಿ ನಷ್ಟವೆಂದು ಬರೆಯಲ್ಪಡುವ ಸ್ಥಾನ ಅದು. ನಾಲ್ಕು ಪಂದ್ಯ ಹೀಗಾದರೆ, ಇವರಿಂದ ಓಟಗಳೇ ಬರುತ್ತಿಲ್ಲವಲ್ಲ ಎಂದು ಐದನೆಯ ಪಂದ್ಯಕ್ಕೆ ಹೆಸರು ಬಿಟ್ಟುಹೋಗಬಹುದು. ದಿನದ ಕೂಲಿ ದಿನದ ಕೆಲಸಕ್ಕೆ ಎಂದೆನಲ್ಲ, ಅದು ಇದೇ.

2017ರ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ ವಿಶ್ವಕಪ್ ನಡೆಯಿತು. ಜುಲೈ 15ರಂದು ಮತ್ತೆ ಅದೇ ಡರ್ಬಿ. ಎದುರಾಳಿ ನ್ಯೂಜಿಲೆಂಡ್. ಗೆದ್ದವರು ಸೆಮಿಫೈನಲ್ಲಿಗೆ, ಸೋತವರು ಊರಿಗೆ. ಮಿಥಾಲಿ ರಾಜ್ ಒಂದು ತುದಿಯಲ್ಲಿ ಹಿರಿಯರಿಗೆ ಒಪ್ಪುವಂತೆ ನಿಧಾನವಾಗಿ ಶತಕ ಕಟ್ಟುತ್ತಿದ್ದರು, 109 ಮಾಡಿದರು. ಇನ್ನೊಂದು ತುದಿಗೆ ವೇದಾ ಬಂದರು. 45 ಎಸೆತಗಳಲ್ಲಿ 70 ಓಟ. ಇಬ್ಬರೂ ಸೇರಿ ನೂರಕ್ಕೂ ಮಿಕ್ಕು ಕೂಡಿಸಿದರು. ಭಾರತದ ಮೊತ್ತ 265ಕ್ಕೆ ಮುಟ್ಟಿತು. ಆಮೇಲೆ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಚೆಂಡು ಹಿಡಿದರು. ಆ ಪಂದ್ಯಾವಳಿಯಲ್ಲಿ ಅದೇ ಅವರ ಮೊದಲ ಪಂದ್ಯ. ಅದುವರೆಗೆ ಹೊರಗೆ ಕಾದು ಕುಳಿತಿದ್ದವರು. 15 ಓಟ ಕೊಟ್ಟು ಐದು ವಿಕೆಟ್ ತೆಗೆದರು. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಕಡೂರಿನ ಬ್ಯಾಟು, ವಿಜಯಪುರದ ಚೆಂಡು! ಆ ದಿನ ಕರ್ನಾಟಕದ ಎರಡು ತುದಿಗಳ ಇಬ್ಬರು ಹೆಣ್ಣುಮಕ್ಕಳು ದೇಶವನ್ನು ಸೆಮಿಫೈನಲ್ಲಿಗೆ ಮುಟ್ಟಿಸಿದರು. ಸೆಮಿಫೈನಲ್ ಎಂದೊಡನೆ ಎಲ್ಲರೂ ನೆನೆಯುವುದು ಹರ್ಮನ್‌ಪ್ರೀತ್ ಕೌರ್ ಆಸ್ಟ್ರೇಲಿಯದ ಎದುರು ಹೊಡೆದ 171. ಅದು ನೆನೆಯತಕ್ಕದ್ದೇ. ಆದರೆ ಆ ಮನೆಯ ಹೊಸಿಲು ದಾಟಿಸಿದವರು ಇವರು.

ಜುಲೈ 23, ಲಾರ್ಡ್ಸ್ ಮೈದಾನ. ಕಿಕ್ಕಿರಿದ ಜನ. ಇಂಗ್ಲೆಂಡ್ 228 ಮಾಡಿತು. ಭಾರತಕ್ಕೆ ಪೂನಮ್ ರಾವುತ್ 86 ಮಾಡಿ ಆಸರೆಯಾದರು, ಹರ್ಮನ್‌ಪ್ರೀತ್ 51. ಮೂರನೆಯ ವಿಕೆಟ್ ಬಿದ್ದಮೇಲೆ ವೇದಾ ಬಂದು ಪೂನಮ್ ಜೊತೆ 53 ಓಟ ಸೇರಿಸಿದರು. ಮೂರು ವಿಕೆಟ್ಟಿಗೆ 191. ಇನ್ನು ಬೇಕಾದ್ದು 38. ಓವರುಗಳು ಸಾಕಷ್ಟಿದ್ದುವು. ಕಪ್ಪು ಕೈಗೆಟಕುವಂತಿತ್ತು. ಅಲ್ಲಿ ಅನ್ಯಾ ಶ್ರಬ್‌ಸೋಲ್ ಎಂಬ ಇಂಗ್ಲೆಂಡಿನ ವೇಗದ ಬೌಲರ್ ಬಂದಳು. ಪೂನಮ್ ಹೋದರು. ಮುಂದಿನವರು ಬಂದು ಹೋದರು. 34 ಎಸೆತಗಳಲ್ಲಿ 35 ಮಾಡಿದ್ದ ವೇದಾ ದೊಡ್ಡ ಹೊಡೆತಕ್ಕೆ ಕೈಹಾಕಿ ಕ್ಯಾಚ್ ಕೊಟ್ಟರು. ಆಗ ಮೊತ್ತ 200. ಆಮೇಲೆ ಸಾಲಾಗಿ ಎಲ್ಲರೂ. 28 ಓಟಗಳ ಒಳಗೆ ಏಳು ವಿಕೆಟ್. ಶ್ರಬ್‌ಸೋಲ್‌ಗೆ ಆರು. ಭಾರತ 219. ಸೋಲು ಒಂಬತ್ತು ಓಟದಿಂದ.

ಆ ಹೊಡೆತ ಬೇಕಿತ್ತೇ ಎಂದು ಅಂದು ಕಟ್ಟೆಯ ಮೇಲೆ ಕುಳಿತು ಕೇಳಿದವರು ಎಷ್ಟೋ ಜನ. ಕೇಳಬಾರದ ಪ್ರಶ್ನೆಯೇನೂ ಅಲ್ಲ. ಆದರೆ ಎಂಟು ದಿನದ ಹಿಂದೆ ಡರ್ಬಿಯಲ್ಲಿ ನಾವು ಚಪ್ಪಾಳೆ ತಟ್ಟಿದ್ದು ಅಂಥ ಹೊಡೆತಗಳಿಗೇ ಅಲ್ಲವೆ? ಅದೇ ಬ್ಯಾಟು, ಅದೇ ಧೈರ್ಯ. ಬೌಂಡರಿ ದಾಟಿದರೆ ಎದೆಗಾರಿಕೆ, ಕೈಗೆ ಸಿಕ್ಕರೆ ದುಡುಕು. ನಡುವಿನ ಕ್ರಮಾಂಕದವರ ಬಾಳು ಈ ಎರಡು ಮಾತುಗಳ ನಡುವೆ ಸಾಗುತ್ತದೆ. ಇನ್ನೊಂದು ಮಾತು. ಸೋತು ಬಂದ ಆ ತಂಡವನ್ನು ದೇಶ ಗೆದ್ದವರಂತೆ ಎದುರುಗೊಂಡಿತು. ಕ್ರಿಕೆಟ್ ಮಂಡಲಿ ಆಟಗಾರ್ತಿಯರಿಗೆ ತಲಾ 50 ಲಕ್ಷ ರೂಪಾಯಿ ಘೋಷಿಸಿತು. ಹೆಂಗಸರ ಆಟವನ್ನು ಮನೆಮಂದಿಯೆಲ್ಲ ಕುಳಿತು ನೋಡುವ ರೂಢಿ ಬಂದದ್ದು ಆ ಒಂಬತ್ತು ಓಟದ ಸೋಲಿನಿಂದ ಈಚೆಗೆ.

ಅದೇ ವರ್ಷದ ಕೊನೆಗೆ ವೇದಾ ಇನ್ನೂ ದೂರದ ಕಾವಲಿಗೆ ಹೊರಟರು. ಆಸ್ಟ್ರೇಲಿಯದ ತೆಂಕಣ ತುದಿಯ ಆಚೆ ಸಮುದ್ರದಲ್ಲಿ ಟಾಸ್ಮೇನಿಯ ಎಂಬ ದ್ವೀಪವಿದೆ. ಅದರ ರಾಜಧಾನಿ ಹೋಬಾರ್ಟ್. ಅಲ್ಲಿಯ ಹರಿಕೇನ್ಸ್ ತಂಡ 2017-18ರ ಬಿಗ್ ಬ್ಯಾಷ್ ಪಂದ್ಯಾವಳಿಗೆ ಇವರನ್ನು ಕರೆಸಿಕೊಂಡಿತು. ಹರ್ಮನ್‌ಪ್ರೀತ್ ಕೌರ್, ಸ್ಮೃತಿ ಮಂಧಾನ ಇವರಾದ ಮೇಲೆ ಆ ಪಂದ್ಯಾವಳಿಗೆ ಹೋದ ಮೂರನೆಯ ಭಾರತೀಯಳು ನಮ್ಮ ಕಡೂರಿನವರು. ನಮ್ಮಲ್ಲಿ ಅವರೆಕಾಯಿಯ ಚಳಿಗಾಲ; ಅಲ್ಲಿ ನಡು ಬೇಸಿಗೆ. ನಮ್ಮಲ್ಲಿಯೇ ಆಮೇಲೆ ಹೆಂಗಸರಿಗೆಂದು ಚಿಕ್ಕ ಪ್ರದರ್ಶನ ಪಂದ್ಯಾವಳಿಗಳು ಆರಂಭವಾದಾಗ ವೆಲಾಸಿಟಿ ಎಂಬ ತಂಡಕ್ಕೂ ಆಡಿದರು.

2018ರ ಏಪ್ರಿಲಿನ ನಂತರ ಏಕದಿನದ ತಂಡದಲ್ಲಿ ಅವರಿಗೆ ಜಾಗ ದೊರೆಯಲಿಲ್ಲ. ಇಪ್ಪತ್ತು ಓವರಿನ ಆಟದಲ್ಲಿ ಮಾತ್ರ ಮುಂದುವರಿದರು. 2020ರ ಆರಂಭದಲ್ಲಿ ಆಸ್ಟ್ರೇಲಿಯದಲ್ಲಿ ವಿಶ್ವಕಪ್. ಪರ್ತ್ ನಗರದಲ್ಲಿ ಬಾಂಗ್ಲಾದೇಶದ ಎದುರು ಕೊನೆಯ ಓವರುಗಳಲ್ಲಿ 11 ಎಸೆತಕ್ಕೆ 20 ಹೊಡೆದು ಔಟಾಗದೆ ಉಳಿದರು. ಭಾರತ ಗೆದ್ದದ್ದು 18 ಓಟದಿಂದ. ಆ ಇಪ್ಪತ್ತನ್ನು ಕಳೆದು ನೋಡಿ, ಲೆಕ್ಕ ತಿಳಿಯುತ್ತದೆ. ಪತ್ರಿಕೆಯ ತಲೆಬರಹಕ್ಕೆ ಅದು ಸಾಲದು, ಪಂದ್ಯಕ್ಕೆ ಸಾಕಾಯಿತು. ಮಾರ್ಚ್ 8ರಂದು ಮೆಲ್ಬರ್ನಿನಲ್ಲಿ ಫೈನಲ್. ನೋಡಲು ಬಂದವರು 86,174 ಜನ. ಆಸ್ಟ್ರೇಲಿಯದ 184ಕ್ಕೆ ಉತ್ತರವಾಗಿ ಭಾರತ 99ಕ್ಕೆ ಕುಸಿಯಿತು. ವೇದಾ 19 ಮಾಡಿದರು. ಭಾರತದ ಅಂಗಿ ತೊಟ್ಟು ಅವರು ಆಡಿದ ಕೊನೆಯ ಪಂದ್ಯ ಅದೇ ಎಂದು ಅಂದು ಯಾರೂ ಅರಿಯರು. ವಯಸ್ಸು ಇಪ್ಪತ್ತೇಳು.

ಕೆಲವೇ ದಿನಗಳಲ್ಲಿ ಕೋವಿಡ್ ವ್ಯಾಧಿ ಲೋಕವನ್ನೆಲ್ಲ ಮನೆಯೊಳಗೆ ಕೂರಿಸಿತು. ಮರುವರ್ಷ ಅದರ ಎರಡನೆಯ ಅಲೆ ಬಂತು. 2021ರ ಏಪ್ರಿಲಿನಲ್ಲಿ ವೇದಾ ಅವರ ತಾಯಿ ತೀರಿಕೊಂಡರು. ಎರಡು ವಾರ ಕಳೆಯುವಷ್ಟರಲ್ಲಿ, ಮೇ ತಿಂಗಳಲ್ಲಿ, ಅಕ್ಕನೂ ಹೋದರು. ಅದೇ ಮೇ ತಿಂಗಳಲ್ಲಿ ಪ್ರಕಟವಾದ ವಾರ್ಷಿಕ ಕರಾರಿನ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಈ ಸಂಗತಿಗಳನ್ನು ಒಂದರ ಪಕ್ಕ ಒಂದಿಟ್ಟು ಹೇಳುವುದಷ್ಟೇ ನನ್ನಿಂದ ಸಾಧ್ಯ; ಹೆಚ್ಚು ಮಾತು ಸಲ್ಲದು. ಆ ವರ್ಷ ನಮ್ಮಲ್ಲಿ ಸಾವಿನ ಸುದ್ದಿ ಬಾರದ ಬೀದಿಯೇ ಇರಲಿಲ್ಲ. ಆದರೆ ಒಂದು ವಿಷಯ ಹೇಳಲೇಬೇಕು. ಮನೆಯವರು ಹಾಸಿಗೆ ಹಿಡಿದಿದ್ದಾಗ ನೆರವಿಗಾಗಿ ಅಲೆದ ಅನುಭವವಿದ್ದುದರಿಂದ, ಅವರು ತಮ್ಮ ಹೆಸರಿನ ಬಲವನ್ನು ಬಳಸಿ, ಗುರುತಿಲ್ಲದ ರೋಗಿಗಳ ಮೊರೆಯನ್ನು ಹತ್ತು ಜನಕ್ಕೆ ಮುಟ್ಟಿಸುವ ಕೆಲಸಕ್ಕೆ ತೊಡಗಿದರು. ಸೂತಕದ ಮನೆಯಿಂದ ಹೊರಟ ಈ ಸೇವೆಗೆ ಸ್ಕೋರು ಬರೆದಿಡುವವರು ಇರುವುದಿಲ್ಲ.

ಮತ್ತೆ ಆಟಕ್ಕೆ ಬಂದರು. 2023ರಲ್ಲಿ ಹೆಂಗಸರ ದೊಡ್ಡ ಲೀಗು, ಮಹಿಳಾ ಪ್ರೀಮಿಯರ್ ಲೀಗು, ಆರಂಭವಾಯಿತು. ಫೆಬ್ರವರಿಯ ಹರಾಜಿನಲ್ಲಿ ಸ್ಮೃತಿ ಮಂಧಾನ ಅವರಿಗೆ ಬೆಂಗಳೂರು ತಂಡ 3 ಕೋಟಿ 40 ಲಕ್ಷ ರೂಪಾಯಿ ಕೊಟ್ಟಿತು. ಒಂದು ಕಾಲದಲ್ಲಿ ಕಾದಿರಿಸದ ಡಬ್ಬಿಯಲ್ಲಿ ಕುಳಿತು ಹೋಗುತ್ತಿದ್ದ ಆಟ! ಆ ಹರಾಜಿನಲ್ಲಿ ವೇದಾ ಅವರನ್ನು ಯಾರೂ ಕೊಳ್ಳಲಿಲ್ಲ. ಆಡುವ ಬದಲು ಮೈಕಿನ ಮುಂದೆ ಕುಳಿತು ಆಟದ ವೀಕ್ಷಕ ವಿವರಣೆ ಹೇಳಿದರು. ಅದೂ ಒಂದು ಕಾವಲೇ. ಆ ವರ್ಷದ ಡಿಸೆಂಬರಿನ ಹರಾಜಿನಲ್ಲಿ ಗುಜರಾತ್ ಜಯಂಟ್ಸ್ ತಂಡ 30 ಲಕ್ಷಕ್ಕೆ ಕರೆದುಕೊಂಡಿತು. 2024ರಲ್ಲಿ ಕೆಲವು ಪಂದ್ಯ ಆಡಿದರು. ಓಟ ಹೆಚ್ಚು ಬರಲಿಲ್ಲ. 2025ರ ಜುಲೈನಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಆಟದಿಂದ ನಿವೃತ್ತರಾಗುವುದಾಗಿ ತಿಳಿಸಿದರು. ಹೊರಡುವ ಮಾತಿನಲ್ಲಿ ಅವರು ಮರೆಯದೆ ನೆನೆದದ್ದು ಕಡೂರನ್ನು.

ಮೂರು ತಿಂಗಳು ಕಳೆದ ಮೇಲೆ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಭಾರತದ ಹೆಂಗಸರು ದಕ್ಷಿಣ ಆಫ್ರಿಕವನ್ನು 52 ಓಟದಿಂದ ಸೋಲಿಸಿ ವಿಶ್ವಕಪ್ ಗೆದ್ದರು. ನಾಯಕಿ ಹರ್ಮನ್‌ಪ್ರೀತ್. ಲಾರ್ಡ್ಸಿನ ಆ ಸೋಲಿನ ದಿನ ವೇದಾ ಜೊತೆ ಅಂಗಳದಲ್ಲಿದ್ದ ಹರ್ಮನ್‌ಪ್ರೀತ್, ಸ್ಮೃತಿ, ದೀಪ್ತಿ ಶರ್ಮಾ ಈ ಮೂವರ ಕೈಗೂ ಕಪ್ಪು ಬಂತು. ವೇದಾ ಕೈಗೆ ಬರಲಿಲ್ಲ. ಅಮೆರಿಕದ ಇಶ್ ಸ್ಮಿತ್‌ಗೆ ಹದಿಮೂರನೆಯ ಮನೆಯಲ್ಲಿ ಸಿಕ್ಕ ಉಂಗುರದಂಥದು ನಮ್ಮ ಕಡೂರಿನವರಿಗೆ ಸಿಗಲಿಲ್ಲ. ಬಾಳು ಎಲ್ಲರ ಕಥೆಯನ್ನೂ ಒಂದೇ ಹದದಲ್ಲಿ ಮುಗಿಸುವುದಿಲ್ಲ.

ಹಾಗಾದರೆ ಆ ಹಳೆಯ ಪ್ರಶ್ನೆಗೆ ಉತ್ತರವೇನು? ಆಟ ಅನ್ನ ಕೊಟ್ಟೀತೆ? ಈಗ ಕೊಟ್ಟೀತು. 2022ರ ಅಕ್ಟೋಬರಿನಲ್ಲಿ ಕ್ರಿಕೆಟ್ ಮಂಡಲಿ ಹೆಂಗಸರಿಗೂ ಗಂಡಸರಷ್ಟೇ ಪಂದ್ಯದ ಸಂಭಾವನೆ ಎಂದು ಸಾರಿತು. ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಇಪ್ಪತ್ತು ಓವರಿಗೆ 3 ಲಕ್ಷ. ವೇದಾ ಭಾರತಕ್ಕೆ ಆಡಿದ 124 ಪಂದ್ಯಗಳಲ್ಲಿ ಒಂದೂ ಈ ದರದ ಕಾಲದಲ್ಲಿ ಬಂದುದಲ್ಲ. ಕೆರೆ ತೋಡಿದವರು ಒಬ್ಬರು, ನೀರು ಹಾಯಿಸಿಕೊಂಡವರು ಇನ್ನೊಬ್ಬರು. ನಮ್ಮ ಸೀಮೆಯವರಿಗೆ ಇದು ಹೊಸ ಮಾತಲ್ಲ. ಏರಿಗೆ ಮಣ್ಣು ಹೊತ್ತವರ ಹೆಸರು ಯಾವ ಕಲ್ಲಿನ ಮೇಲೂ ಇರುವುದಿಲ್ಲ. ಆದರೆ ಏರಿ ನಿಂತಿರುವುದು ಆ ಮಣ್ಣಿನಿಂದಲೇ.

ಕಡೂರಿನಲ್ಲೋ ತರೀಕೆರೆಯಲ್ಲೋ ಅಜ್ಜಂಪುರದಲ್ಲೋ ಇಂದು ಸಂಜೆ ಒಬ್ಬ ಹುಡುಗಿ ಶಾಲೆಯ ಬಯಲಿನಲ್ಲಿ ಚೆಂಡು ಹಿಡಿದು ತಡವಾಗಿ ಮನೆಗೆ ಬಂದಾಳು. ನೀನೇನು ದೊಡ್ಡ ತಾರೆಯಾಗುತ್ತೀಯಾ ಎಂದು ಅವಳನ್ನು ಕೇಳಬೇಡಿ. ತಾರೆಯಾಗುವವರು ನೂರಕ್ಕೆ ಒಬ್ಬರೂ ಅಲ್ಲ. ಕಸುಬನ್ನು ಚೆನ್ನಾಗಿ ಕಲಿಯುತ್ತೀಯಾ, ಕರೆದ ಕಡೆ ಹೋಗಿ ಆ ದಿನದ ಕೆಲಸವನ್ನು ಆ ದಿನ ಮಾಡುತ್ತೀಯಾ, ಪಟ್ಟಿಯಲ್ಲಿ ಹೆಸರಿಲ್ಲದ ದಿನ ಎದೆಗೆಡದೆ ಇರುತ್ತೀಯಾ ಎಂದು ಕೇಳಿ. ಹೌದೆಂದರೆ ಕಳುಹಿಸಿಕೊಡಿ. ಬೀರೂರಿನಿಂದ ರೈಲು ಎಲ್ಲ ಕಡೆಗೂ ಹೋಗುತ್ತದೆ.